ಡ್ರಮ್ಮಿನ ಮೇಲೊಂದು ಕಣ್ಣು

ಮಾರ್ಚ್ ೨, ಭಾನುವಾರ

ಮಾಂಸದಂಗಡಿಯವನು ಮುದಿ ಹಂದಿಯನ್ನು ನನ್ನ ತಲೆಗೆ ಕಟ್ಟಿದ್ದಾನೆ. ಪಕ್ಕೆಲುಬಿನ ಪಟ್ಟಿಗಳನ್ನು ಕಾಗದದಲ್ಲಿ ಸುತ್ತುವಾಗ ಅವನು ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ದಾರದ ಗಂಟನ್ನೇ ನೋಡುತ್ತಿದ್ದ. ಮನಸ್ಸಿನಲ್ಲಿ ಏನೂ ಇಲ್ಲದವನು ಗಂಟನ್ನು ಅಷ್ಟು ಹೊತ್ತು ನೋಡುವುದಿಲ್ಲ.

ನನ್ನ ಕೆಲಸದಲ್ಲಿ ಕೊರತೆಯಿರಲಿಲ್ಲ. ಹಿಂಬದಿಯ ಪೊರೆ ಕಿತ್ತೆ, ಮಸಾಲೆ ಉಜ್ಜಿದೆ, ಹಿತ್ತಿಲಲ್ಲಿ ಉದ್ದಕ್ಕೆ ಸೀಳಿ ಒಲೆ ಮಾಡಿಕೊಂಡ ಕಬ್ಬಿಣದ ಡ್ರಮ್ಮಿನಲ್ಲಿ ಇದ್ದಿಲನ್ನು ಒಂದು ಬದಿಗೆ ಸರಿಸಿ ಮಾಂಸವನ್ನು ಇನ್ನೊಂದು ಬದಿಗಿಟ್ಟೆ. ಬೆಳಗಿನಿಂದ ಹೊಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಸುಮ್ಮಸುಮ್ಮನೆ ಮುಚ್ಚಳ ತೆಗೆಯಲು ಯಾರಿಗೂ ಬಿಡಲಿಲ್ಲ. ಕೊನೆಗೆ ಇಕ್ಕಳದಿಂದ ಪಟ್ಟಿಯ ಒಂದು ತುದಿ ಹಿಡಿದು ಎತ್ತಿದೆ. ಬೇಯದ ಪಟ್ಟಿ ಹಲಗೆಯಂತೆ ನೇರ ನಿಲ್ಲುತ್ತದೆ. ಬೆಂದದ್ದು ಬಾಗುತ್ತದೆ, ಮೇಲಿನ ಕಪ್ಪು ಪದರ ಬಿರಿಯುತ್ತದೆ. ನನಗೆ ಅದೇ ಗಡಿಯಾರ, ಅದೇ ಥರ್ಮಾಮೀಟರು. ಇವತ್ತೂ ಎತ್ತಿದೆ, ಬಾಗಿತು, ಬಿರಿಯಿತು, ಇಳಿಸಿದೆ. ಊಟಕ್ಕೆ ಕೂತರೆ ಚಪ್ಪಲಿಯ ಅಟ್ಟೆ.

ಯಜಮಾನರು ಬಹಳ ಹೊತ್ತು ಅಗಿದು ‘ಚೆನ್ನಾಗಿದೆ’ ಎಂದರು. ಮದುವೆಯಾದಾಗಿನಿಂದ ಅವರು ಎಲ್ಲವನ್ನೂ ಚೆನ್ನಾಗಿದೆ ಎಂದೇ ನುಂಗಿದವರು. ಅವರ ಮಾತಿನಿಂದ ಏನೂ ತಿಳಿಯುವುದಿಲ್ಲ. ಸೊಸೆ ಅರ್ಧ ತಿಂದ ಎಲುಬನ್ನು ತಟ್ಟೆಯ ಅಂಚಿಗೆ ಸರಿಸಿ ಬಾಯಿ ಒರೆಸಿಕೊಂಡಳು. ಅವಳು ಬಸ್ ಓಡಿಸುತ್ತಾಳೆ, ಹಾಗಾಗಿ ನಾನವಳನ್ನು ಡ್ರೈವರಮ್ಮ ಎಂದೇ ಕರೆಯುವುದು. ಮೊದಮೊದಲು ಚುಚ್ಚಲು ಕರೆದೆ, ಅವಳಿಗೆ ಅದು ಚುಚ್ಚಲೇ ಇಲ್ಲ.

“ಅತ್ತೆ, ಮದುವೆಗೆ ಕೇಟರಿಂಗಿನವರಿಗೆ ಹೇಳೋಣ್ವಾ? ನೀವೂ ಒಂದಿನ ಆರಾಮಾಗಿ ಕೂತ್ಕೋಬಹುದು,” ಎಂದಳು.

ಮುಂದಿನ ತಿಂಗಳು ನನ್ನ ಕಿರಿಯ ಮಗಳ ಮದುವೆ, ಇದೇ ಹಿತ್ತಿಲಲ್ಲಿ ಊಟ. ಈ ಮನೆಯ ಯಾವ ಮದುವೆಯ ಊಟವೂ ಹೊರಗಿನಿಂದ ಬಂದದ್ದಲ್ಲ. ಇವಳನ್ನು ಈ ಮನೆಗೆ ತಂದುಕೊಂಡ ದಿನವೂ ಇವಳ ಕಡೆಯವರು ನನ್ನ ಡ್ರಮ್ಮಿನ ಪಕ್ಕೆಲುಬನ್ನೇ ಚೀಪಿದ್ದು. ಬೇರೆಯವರು ಬಂದು ನನ್ನ ಹಿತ್ತಿಲಲ್ಲಿ ಬೆಂಕಿ ಹಾಕಿದರೆ ನಾನು ನನ್ನ ಮನೆಯಲ್ಲೇ ನೆಂಟಳು. ಹಾಗೆಂದು ಹೇಳಲಿಲ್ಲ. “ನಂಗೆ ಆರಾಮ ಬೇಕು ಅಂತ ನಿಂಗೆ ಯಾರು ಹೇಳಿದ್ರು?” ಎಂದು ಮಾತ್ರ ಕೇಳಿದೆ.

ಅವಳು ಮಾವನ ಮುಖ ನೋಡಿದಳು. ಅವರು ತಟ್ಟೆ ನೋಡಿದರು. ಇದನ್ನು ನಾನು ಗಮನಿಸಿದ್ದೇನೆ.

ಮಾರ್ಚ್ ೫, ಬುಧವಾರ

ಯಜಮಾನರು ತಂದಿರುವ ಪೆನ್ನುಗಳು ಕೆಲಸಕ್ಕೆ ಬಾರದವು. ಶಾಲೆಯಲ್ಲಿ ನನ್ನ ಅಕ್ಷರವನ್ನು ಇಡೀ ತರಗತಿಗೆ ತೋರಿಸುತ್ತಿದ್ದರು, ಈಗ ಈ ಪೆನ್ನು ಗೆರೆಯ ಮೇಲೆ ನಿಲ್ಲುವುದೇ ಇಲ್ಲ.

ಡ್ರೈವರಮ್ಮ ಹೊಸ ಕಪ್ಪುಗಳನ್ನು ತಂದಿದ್ದಾಳೆ. ಹಿಡಿ ಎಷ್ಟು ಚಿಕ್ಕದೆಂದರೆ ಒಂದು ಬೆರಳೂ ಸರಿಯಾಗಿ ಹೋಗದು. ಕಾಫಿ ಮೇಜಿನ ಮೇಲೆಲ್ಲ ಚೆಲ್ಲಿತು. ಇವಳು ಬಟ್ಟೆ ತಂದು ಒರೆಸಿದಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸಂಜೆ ನೋಡಿದರೆ ನನ್ನ ಜಾಗದಲ್ಲಿ ದೊಡ್ಡ ಹಿಡಿಯ ಹಳೆಯ ಮಗ್ಗು ಇಟ್ಟಿದ್ದಳು. ತಾನು ತಂದ ಕಪ್ಪು ಸರಿಯಿಲ್ಲವೆಂದು ಅವಳಿಗೇ ಗೊತ್ತಾಗಿದೆ ಎಂದಾಯಿತು.

ನಾನು ಅಡುಗೆಮನೆಗೆ ಕಾಲಿಟ್ಟರೆ ಇವಳೂ ಯಜಮಾನರೂ ಮಾತು ನಿಲ್ಲಿಸುತ್ತಾರೆ. ಇವತ್ತು ಎರಡನೆಯ ಸಲ.

ಮಾರ್ಚ್ ೯, ಭಾನುವಾರ

ಅಂಗಡಿ ಬದಲಿಸಿದೆ. ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ಒಬ್ಬ ದಪ್ಪ ಮನುಷ್ಯ ಕೂರುತ್ತಾನೆ. ಎದುರಿಗೇ ಕತ್ತರಿಸು ಎಂದೆ, ಕತ್ತರಿಸಿದ. ಮಾಂಸ ನಸುಗೆಂಪಗಿತ್ತು, ಬೆರಳಿಟ್ಟರೆ ಮೆತ್ತಗಿತ್ತು. ನನ್ನನ್ನು ‘ಅಜ್ಜಿ’ ಎಂದ. ಆದರೂ ಕೊಂಡೆ.

ಪಟ್ಟಿ ಎತ್ತಿದೆ, ಬಾಗಿತು, ಬಿರಿಯಿತು. ಇಳಿಸಿದ ಮೇಲೆ ಅಂಚಿನ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡೆ. ಮತ್ತೆ ಅದೇ ಅಟ್ಟೆ. ಯಾರಿಗೂ ಹೇಳಲಿಲ್ಲ. ತಟ್ಟೆ ಮುಚ್ಚಿ ಅಡುಗೆಮನೆಯಲ್ಲಿಟ್ಟು ಸ್ನಾನಕ್ಕೆ ಹೋದೆ. ಹೊಗೆ ಮೆತ್ತಿದ ಮೈಯಲ್ಲಿ ನಾನು ಊಟಕ್ಕೆ ಕೂರುವುದಿಲ್ಲ.

ಗುಂಡಿ ಹಾಕಿಕೊಳ್ಳುವುದೇ ಒಂದು ಗಂಟೆಯ ಕೆಲಸವಾಗಿದೆ. ಈಗಿನ ದರ್ಜಿಗಳು ಕಾಜವನ್ನು ಬೇಕೆಂದೇ ಕಿರಿದು ಮಾಡುತ್ತಾರೆ. ಹೊರಗೆ ಬಂದರೆ ಊಟ ಇನ್ನೂ ತಯಾರಿಲ್ಲ. ಆಲೂಗಡ್ಡೆ ಬೆಂದಿಲ್ಲವಂತೆ, ಮಾವ ನಡೆಯಲು ಹೋದವರು ಬಂದಿಲ್ಲವಂತೆ. ಅಂತೂ ಕೂತಾಗ ಪಕ್ಕೆಲುಬು ಬೆಣ್ಣೆಯಂತಿತ್ತು. ಎಲುಬನ್ನು ತಿರುಗಿಸಿದರೆ ಮಾಂಸ ಕಳಚಿಕೊಂಡು ಬಂತು. ಕಿರಿಯವಳು ಬೆರಳು ನೆಕ್ಕುತ್ತಾ, “ಅಮ್ಮ, ಮದುವೆ ದಿನಾನೂ ಹೀಗೇ ಆಗ್ಬೇಕು,” ಎಂದಳು.

ನಾನು ತಲೆಯಾಡಿಸಿದೆ. ಆದರೆ ನನ್ನ ಬಾಯಿ ನನಗೆ ಗೊತ್ತು. ಆ ಚೂರು ಈ ಪಟ್ಟಿಯದಲ್ಲ.

ಬಸ್ ಡಿಪೋ ಎದುರಿಗೆ ಒಂದು ಹೋಟೆಲಿದೆ. ಅಲ್ಲಿ ಪಕ್ಕೆಲುಬು ಮಾರುತ್ತಾರೆ. ಡಿಪೋಗೆ ದಿನಾ ಹೋಗುವವರು ಯಾರೆಂದು ನಾನು ಇಲ್ಲಿ ಬರೆಯಬೇಕಾಗಿಲ್ಲ.

ಮಾರ್ಚ್ ೧೬, ಭಾನುವಾರ

ಬುದ್ಧಿ ಉಪಯೋಗಿಸಿದೆ. ಪೊರೆ ಕೀಳುವಾಗ ಪ್ರತಿ ಪಟ್ಟಿಯ ಕೊನೆಯ ಎಲುಬಿನ ಮೇಲೆ ಚಾಕುವಿನಿಂದ ಒಂದು ಗೀರು ಎಳೆದೆ. ಹೋಟೆಲಿನ ಎಲುಬಿಗೆ ಗೀರು ಎಲ್ಲಿಂದ ಬರಬೇಕು?

ಇಳಿಸಿದಾಗ ಚೂರು ಕಿತ್ತು ನೋಡಿದೆ, ಅಟ್ಟೆ. ಮೇಜಿನ ಮೇಲೆ ಬಂದಾಗ ಬೆಣ್ಣೆ. ಎಲ್ಲರೂ ಎದ್ದು ಹೋದ ಮೇಲೆ ತಟ್ಟೆಗಳ ಎಲುಬುಗಳನ್ನೆಲ್ಲ ಒಟ್ಟುಮಾಡಿ ಕಿಟಕಿಯ ಬೆಳಕಿಗೆ ಹಿಡಿದೆ. ಗೀರು ಇತ್ತು. ಎಲ್ಲ ನನ್ನವೇ.

ಯಜಮಾನರು ಬಾಗಿಲಲ್ಲಿ ನಿಂತು, “ಏನೇ ಇದು, ಎಲುಬಿನಲ್ಲಿ ಭವಿಷ್ಯ ನೋಡ್ತಿದ್ದೀಯಾ?” ಎಂದರು. ಎಲುಬು ಎಣಿಸುವುದು ಮನೆಯೊಡತಿಯ ಕೆಲಸ ಎಂದೆ. ಅವರು ನಗಲಿಲ್ಲ. ನಗುವ ಮನುಷ್ಯ ನಗದಿದ್ದಾಗಲೇ ಜಾಸ್ತಿ ಎಚ್ಚರವಾಗಿರಬೇಕು.

ಮಾರ್ಚ್ ೧೭, ಸೋಮವಾರ

ಓವನ್! ನಿನ್ನೆಯೇ ಹೊಳೆಯಬೇಕಿತ್ತು. ಇವತ್ತು ಡ್ರೈವರಮ್ಮ ಕೆಲಸಕ್ಕೆ ಹೋದ ಮೇಲೆ ಬಾಗಿಲು ತೆರೆದು ಮೂಗು ತೂರಿಸಿದೆ. ನನ್ನ ಮಸಾಲೆಯ ವಾಸನೆ. ಕೆಳಗಿನ ತಟ್ಟೆಯ ಮೂಲೆಯಲ್ಲಿ ಹೆಪ್ಪುಗಟ್ಟಿದ ಕೊಬ್ಬು.

ಸಂಜೆ ಬಂದ ಕೂಡಲೇ ನೇರ ಕೇಳಿದೆ. ನಿನ್ನೆ ಬ್ರೆಡ್ಡು ಬಿಸಿ ಮಾಡಿದೆನೆಂದಳು. ಬ್ರೆಡ್ಡಿಗೆ ಯಾವಾಗಿನಿಂದ ಕೊಬ್ಬು ಬಂತು ಎಂದೆ. ಬೂಟು ಬಿಚ್ಚುತ್ತಾ, “ಒಳ್ಳೆ ಬ್ರೆಡ್ಡು ಅತ್ತೆ,” ಎಂದಳು. ರೆಪ್ಪೆಯನ್ನೂ ಮಿಟುಕಿಸಲಿಲ್ಲ.

ನನ್ನ ಅಡುಗೆಯನ್ನು ನನ್ನ ಬೆನ್ನ ಹಿಂದೆ ತಿದ್ದುತ್ತಿದ್ದಾಳೆ. ಯಾಕೆ? ಮದುವೆಯ ದಿನ ಬೀಗರ ಎದುರು ‘ಇದೆಲ್ಲ ನಾನೇ ಮಾಡಿದ್ದು’ ಎನ್ನಲು. ಅಥವಾ ಆ ದಿನ ತಿದ್ದದೆ ಕೈಬಿಟ್ಟು, ನನ್ನ ಮಾನ ಹಿತ್ತಿಲಲ್ಲಿ ಹರಾಜಾಗುವುದನ್ನು ನೋಡಲು. ಎರಡರಲ್ಲಿ ಯಾವುದೆಂದು ಇನ್ನೂ ತೀರ್ಮಾನಿಸಿಲ್ಲ.

ಮಾರ್ಚ್ ೨೩, ಭಾನುವಾರ

ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಪಟ್ಟಿಗಳನ್ನು ಇಳಿಸಿ ಅಡುಗೆಮನೆಯಲ್ಲಿಟ್ಟೆ. ಸ್ನಾನಕ್ಕೆ ಹೋಗುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಬಚ್ಚಲಲ್ಲಿ ನಲ್ಲಿ ಬಿಟ್ಟು, ಹಿಂಬಾಗಿಲಿನಿಂದ ಬಂದು ಅಡುಗೆಮನೆಗೆ ಅಂಟಿಕೊಂಡ ಸಾಮಾನು ಕೋಣೆಯಲ್ಲಿ ಆಲೂಗಡ್ಡೆ ಚೀಲದ ಮೇಲೆ ಕೂತೆ. ಬಾಗಿಲ ಸಂದಿಯಿಂದ ಓವನ್ ಚೆನ್ನಾಗಿ ಕಾಣುತ್ತದೆ.

ಮೊದಲು ಕಂಡವರು ನಮ್ಮ ಯಜಮಾನರು. ಬೇರೆ ಯಾರಾದರೂ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆ ಇಡುತ್ತಿದ್ದರು. ಡ್ರೈವರಮ್ಮ ಆಗಲೇ ಅಲ್ಯೂಮಿನಿಯಂ ಫಾಯಿಲು ಹರಿದಿಟ್ಟಿದ್ದಳು. ಇಬ್ಬರೂ ಪಟ್ಟಿಗಳನ್ನು ಸುತ್ತಿದ ರೀತಿ ನೋಡಿದರೆ ಬಹಳ ದಿನಗಳಿಂದ ಪಳಗಿದ ಕೈ.

“ಬೇಗ ಬೇಗ. ನೀರಿನ ಸದ್ದು ನಿಂತ್ರೆ ನಮ್ಮ ಕಥೆ ಮುಗೀತು,” ಎಂದರು ಅವರು.

“ಇವತ್ತೇನೋ ಆಯ್ತು ಮಾವ. ಮದುವೆ ದಿನ ಏನ್ಮಾಡೋದು? ಅಷ್ಟೊಂದು ಪಟ್ಟಿ ಈ ಓವನ್ನಲ್ಲಿ ಹಿಡಿಸಲ್ಲ. ಮುಂಚೇನೇ ಹೇಳ್ಬಿಡಿ ಅವರಿಗೆ.”

“ನಾನ್ ಹೇಳ್ಬೇಕಾ?”

“ನಿಮ್ಮ ಹೆಂಡ್ತಿ ತಾನೇ?”

“ನಿನ್ನ ಅತ್ತೆ ಕಣಮ್ಮ.”

ಓವನ್ ಬಾಗಿಲನ್ನು ಮೊಣಕೈಯಿಂದ ತಳ್ಳಿ ಮುಚ್ಚಿ, ಅವಳು ದನಿ ತಗ್ಗಿಸಿದಳು. “ಅತ್ತೆ ಕೈ ದಿನಾ ದಿನಾ ಜಾಸ್ತಿ ನಡುಗ್ತಿದೆ ಮಾವ. ಇಕ್ಕಳದಲ್ಲಿ ಎತ್ತಿದಾಗ ಪಟ್ಟಿ ಕುಣಿಯುತ್ತೆ, ಆ ಕುಣಿತಕ್ಕೇ ಮೇಲಿನ ಪದರ ಬಿರಿಯುತ್ತೆ. ಅವರು ಬೆಂದಿದೆ ಅಂದ್ಕೊಂಡು ಇಳಿಸಿಬಿಡ್ತಾರೆ. ಒಳಗೆ ಇನ್ನೂ ಅರ್ಧ ಆಗಿರಲ್ಲ.”

ನಾನು ಎದ್ದು ಬಾಗಿಲು ತೆರೆದೆ. ಯಜಮಾನರು ಫಾಯಿಲಿನ ಸುರುಳಿಯನ್ನು ಬೆನ್ನ ಹಿಂದೆ ಸರಿಸಿದರು. “ಓವನ್ ಆಫ್ ಮಾಡಿ,” ಎಂದೆ. ನನ್ನ ಕೋಣೆಗೆ ಬಂದೆ. ಬಚ್ಚಲಲ್ಲಿ ನೀರು ಹಾಗೇ ಹರಿಯುತ್ತಿತ್ತು. ಯಾರೋ ಹೋಗಿ ನಿಲ್ಲಿಸಿದರು.

ಮಾರ್ಚ್ ೨೪, ಸೋಮವಾರ

ನನ್ನ ಕೈಗೆ ಏನೂ ಆಗಿಲ್ಲ.

ಮಾರ್ಚ್ ೨೬, ಬುಧವಾರ

ಊಟದ ಹೊತ್ತಿಗೆ ಎಲ್ಲರೆದುರು ಹೇಳಿದೆ: ಕೇಟರಿಂಗಿನವರಿಗೆ ಹೇಳಿಬಿಡಿ. ಡ್ರಮ್ಮನ್ನು ಗುಜರಿಯವನಿಗೆ ಕೊಡಿ. ನಾನು ಮದುವೆಗೆ ಬರುವ ನೆಂಟರ ಸಾಲಿನಲ್ಲಿ ಕೂರುತ್ತೇನೆ.

ಯಾರೂ ಬೇಡ ಎನ್ನಲಿಲ್ಲ. ಕಾಯುತ್ತಿದ್ದರು ಅಂತ ಕಾಣುತ್ತದೆ. ಕಿರಿಯವಳು ಅತ್ತಳು, ಅದೂ ನಿಜವಾದ ಅಳುವೋ ಏನೋ. ಮಗ ತಾಯಿಗೆ ಸಮಾಧಾನ ಹೇಳುವ ಬದಲು ನೀರು ಕುಡಿಯುತ್ತಾ ಕೂತ. ಯಜಮಾನರು ಮೂರು ದಿನದಿಂದ ನನ್ನ ಎದುರು ಬಂದರೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಡ್ರೈವರಮ್ಮ ಒಬ್ಬಳೇ ನೇರ ನೋಡಿದಳು. ಹೇಳ್ತೀನಿ ಎಂದಳು, ಅಷ್ಟೇ.

ನಡುಕವಂತೆ. ನಲವತ್ತು ಜನರಿಗೆ ಒಬ್ಬಳೇ ಬೇಯಿಸಿ ಬಡಿಸಿದ ಕೈ ಇದು. ಇವರು ಹೇಳಿ ಹೇಳಿ ಈಗ ನನಗೂ ಕಾಣತೊಡಗಿದೆ. ಎಲ್ಲರೂ ಸೇರಿ ಒಂದೇ ರಾಗ ಹಾಡಿದರೆ ಗಟ್ಟಿಮುಟ್ಟಾದವರನ್ನೂ ರೋಗಿ ಮಾಡಿಬಿಡುತ್ತಾರೆ.

ಏಪ್ರಿಲ್ ೧, ಮಂಗಳವಾರ

ಇವರ ಸುಳ್ಳನ್ನು ಸುಳ್ಳೆಂದು ತೋರಿಸಲು ಹೊರಟೆ. ಮನೆಯಲ್ಲಿ ಯಾರೂ ಇರಲಿಲ್ಲ. ಯಜಮಾನರನ್ನೂ ಕ್ಷೌರಕ್ಕೆ ಕಳಿಸಿದೆ, ತಲೆಯಲ್ಲಿ ಕೂದಲಿಲ್ಲದಿದ್ದರೂ ಮರುಮಾತಾಡದೆ ಹೋದರು. ಒಂದೇ ಒಂದು ಪಟ್ಟಿ ತಂದಿದ್ದೆ. ಬೆಳಿಗ್ಗೆಯೇ ಡ್ರಮ್ಮು ಹೊತ್ತಿಸಿದೆ. ಕೂತೆ.

ಹೊಗೆ ತಿಳಿಯಾಯಿತು, ಕೊಬ್ಬು ಹನಿಯತೊಡಗಿತು. ಸರಿಯಾದ ಹೊತ್ತು ಬಂತೆಂದು ಮನಸ್ಸಿಗೆ ಬಂದಾಗ ಎದ್ದು ಇಕ್ಕಳ ಹಿಡಿದೆ. ಪಟ್ಟಿ ಎತ್ತಿದೆ. ಇಷ್ಟು ವರ್ಷ ಪಟ್ಟಿಯನ್ನು ನೋಡುತ್ತಿದ್ದೆ, ಇವತ್ತು ಇಕ್ಕಳದ ಹಿಡಿಯನ್ನು ನೋಡಿದೆ. ನೋಡಬಾರದಿತ್ತು. ಪಟ್ಟಿ ಬಾಗಿತು, ಪದರ ಬಿರಿಯಿತು. ಹಾಗೇ ಕೆಳಗಿಟ್ಟೆ. ಇಳಿಸಲಿಲ್ಲ.

ಆಗಲೇ ಡ್ರೈವರಮ್ಮ ಹಿಂಬಾಗಿಲಲ್ಲಿ ಬಂದಳು. ಬೆಳಗಿನ ಪಾಳಿ ಮುಗಿದಿತ್ತು, ಇನ್ನೂ ಸಮವಸ್ತ್ರದಲ್ಲಿದ್ದಳು. ಹೊಗೆ ನೋಡಿ ಅಲ್ಲೇ ನಿಂತಳು. ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ.

“ಕೈ ತೊಳ್ಕೊಂಡು ಬಾ. ಇದನ್ನ ಹಿಡಿ,” ಎಂದೆ.

ಅವಳು ಇಕ್ಕಳ ಹಿಡಿದು ಪಟ್ಟಿಯ ತುದಿ ಎತ್ತಿದಳು. ಹಲಗೆ. ಆಗಷ್ಟೇ ನನ್ನ ಕೈಯಲ್ಲಿ ಬಿಲ್ಲಿನಂತೆ ಬಾಗಿದ್ದ ಪಟ್ಟಿ ಅವಳ ಕೈಯಲ್ಲಿ ನೆಟ್ಟಗೆ ನಿಂತಿತು, ಗಾಳಿಗೂ ಅಲುಗಲಿಲ್ಲ. ಬೆಂಕಿ ಅದೇ, ಮಾಂಸ ಅದೇ, ಇಕ್ಕಳವೂ ಅದೇ.

ಮುಚ್ಚಳ ಹಾಕು ಎಂದೆ. ಹಾಕಿದಳು. ನಾನು ಕುರ್ಚಿಯಲ್ಲಿ ಕೂತೆ, ಅವಳು ಮೆಟ್ಟಿಲ ಮೇಲೆ ಕೂತಳು.

“ಎಷ್ಟು ದಿನದಿಂದ ಗೊತ್ತು ನಿಂಗೆ?”

“ಚಳಿಗಾಲದಿಂದ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮ ಕೈ ಮೇಲೆ ಅನುಮಾನ ಪಡ್ತಿದ್ರಾ, ನನ್ನ ಮೇಲೆ ಪಡ್ತಿದ್ರಾ? ನೀವೇ ಹೇಳಿ ಅತ್ತೆ.”

ಸೊಸೆ ಕೇಳಿದ್ದಕ್ಕೆಲ್ಲ ಅತ್ತೆ ಉತ್ತರ ಕೊಡಬೇಕೆಂದೇನಿಲ್ಲ.

ಮತ್ತೆ ಎದ್ದೆವು. ಅವಳು ಎತ್ತಿದಳು. ನಾನು ಬಗ್ಗಿ ಪಕ್ಕದಿಂದ ನೋಡಿದೆ. ಇನ್ನೂ ಇಲ್ಲ. ಇನ್ನೊಂದು ಸಲ, ಇನ್ನೂ ಇಲ್ಲ. ಅವಳು ಒಮ್ಮೆಯೂ ಸಾಕು ಎನ್ನಲಿಲ್ಲ, ಕಾಲು ನೋಯುತ್ತಿದೆಯೆಂದೂ ಎನ್ನಲಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಎದ್ದವಳು. ಕೊನೆಗೆ ಪಟ್ಟಿ ತಾನಾಗಿ ಇಳಿಬಿತ್ತು, ನಡುವೆ ಎರಡು ಎಲುಬುಗಳ ಸಂದಿಯಲ್ಲಿ ಪದರ ನಿಧಾನಕ್ಕೆ ಬಾಯಿ ಬಿಟ್ಟಿತು. “ಈಗ,” ಎಂದೆ.

ಇಬ್ಬರೇ ನಿಂತು ತಿಂದೆವು. ತಟ್ಟೆಯನ್ನೂ ತರಲಿಲ್ಲ. ಯಜಮಾನರು ಬೋಳುತಲೆಗೆ ಕ್ಷೌರ ಮಾಡಿಸಿಕೊಂಡು ಬಂದಾಗ ಎಲುಬು ಮಾತ್ರ ಉಳಿದಿತ್ತು.

ಕೇಟರಿಂಗಿನವರಿಗೆ ಬೇಡ ಅಂತ ಹೇಳು ಎಂದೆ. “ಅವರಿಗೆ ಹೇಳೇ ಇಲ್ಲ ಅತ್ತೆ,” ಎಂದಳು. ಇದನ್ನೂ ನನ್ನಿಂದ ಮುಚ್ಚಿಟ್ಟಿದ್ದಳು.

ಏಪ್ರಿಲ್ ೬, ಭಾನುವಾರ

ಡ್ರೈವರಮ್ಮನಿಗೆ ಅಭ್ಯಾಸ ಮಾಡಿಸಿದೆ. ಇಕ್ಕಳವನ್ನು ಸ್ಟೀರಿಂಗಿನಂತೆ ಬಿಗಿಯಾಗಿ ಹಿಡಿಯುತ್ತಾಳೆ. ಪಟ್ಟಿಯ ತುದಿಯಲ್ಲಿ ಹಿಡಿ, ನಡುವಿನಲ್ಲಲ್ಲ ಎಂದು ಗಂಟಲು ಹರಿದುಕೊಂಡೆ. “ಗೇರ್ ಬದಲಾಯಿಸೋದು ಇದಕ್ಕಿಂತ ಸುಲಭ,” ಎಂದಳು. ಹಾಗಾದರೆ ಬಸ್ಸನ್ನೇ ಬೇಯಿಸು ಎಂದೆ. ಅವಳು ನಕ್ಕಳು. ಯಜಮಾನರು ಒಳಗಿನಿಂದ, ಏನಾಯಿತು ಎಂದು ಗಾಬರಿಯಿಂದ ಕೇಳಿದರು.

ಮಸಾಲೆಗೆ ಏನೇನು, ಎಷ್ಟೆಷ್ಟು ಎಂದೂ ಹೇಳಬೇಕಾಯಿತು. ಮಗಳಿಗೂ ಪೂರ್ತಿ ಹೇಳಿರಲಿಲ್ಲ. ಮದುವೆಯ ಹಿಂದಿನ ದಿನ ಅಷ್ಟೂ ಪಟ್ಟಿಗೆ ಉಜ್ಜುವುದು ನನ್ನೊಬ್ಬಳಿಂದ ಆಗದು, ಕೆಲಸ ಆಗಬೇಕಲ್ಲ ಎಂದು ಹೇಳಿದೆ, ಬೇರೇನಿಲ್ಲ.

ಡಾಕ್ಟರ ವಿಷಯ ತೆಗೆದಳು. ಮದುವೆ ಮುಗಿಯಲಿ ಎಂದೆ. ಮುಗಿದ ಮಾರನೆಯ ದಿನಕ್ಕೇ ರಜೆ ಬರೆದುಕೊಟ್ಟಾಗಿದೆಯಂತೆ. ನನ್ನನ್ನು ಕೇಳದೆ.

ಏಪ್ರಿಲ್ ೧೩, ಭಾನುವಾರ

ಎಲ್ಲರೂ ಮಲಗುವ ಮೊದಲೇ ಬರೆದುಬಿಡುತ್ತೇನೆ, ಹೊರಗೆ ಇನ್ನೂ ಕುರ್ಚಿ ಮಡಿಸುತ್ತಿದ್ದಾರೆ.

ಬೇರೆಯವರ ಮನೆಯಿಂದ ತಂದದ್ದೂ ಸೇರಿ ಡ್ರಮ್ಮುಗಳು ಹಿತ್ತಿಲ ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಕಿರಿಯವಳ ಮದುವೆ ಮುಗಿಸಿಕೊಂಡು ಎಲ್ಲರೂ ಹಿತ್ತಿಲಿಗೆ ಬಂದರು. ಬಂದವರೆಲ್ಲ ಹಸಿದಿದ್ದರು. ಡ್ರೈವರಮ್ಮ ಹೊಸ ಬಟ್ಟೆಯ ಮೇಲೆ ತನ್ನ ಡಿಪೋದ ಹಳೆಯ ಕೋಟು ಹಾಕಿಕೊಂಡು ಮೊದಲ ಡ್ರಮ್ಮಿನ ಪಟ್ಟಿ ಎತ್ತಿದಳು. ನಾನು ಕುರ್ಚಿಯಿಂದ ಬಗ್ಗಿ ನೋಡಿದೆ. “ಇನ್ನೂ ಇಲ್ಲ.”

ಗುಂಪಿನಲ್ಲಿ ಸಣ್ಣ ಗೊಣಗಾಟ. ಎರಡನೆಯ ಸಲವೂ ಇಲ್ಲ ಎಂದಾಗ ಬೀಗರ ಕಡೆಯ ಸೋದರಮಾವ, ಮೀಸೆಯವನು, ತಟ್ಟೆ ಹಿಡಿದು ಡ್ರಮ್ಮಿನವರೆಗೂ ಬಂದ. ಬಣ್ಣ ಬಂದಿದೆಯಲ್ಲ, ಇಷ್ಟು ಸಾಕು, ನಾವೇನು ಹಲ್ಲಿಲ್ಲದವರಾ ಎಂದ. ಯಜಮಾನರು ನನ್ನ ಕಿವಿಯಲ್ಲಿ, ಹೋಗಲಿ ಬಿಡೇ, ಕೊಟ್ಟುಬಿಡು ಎಂದರು. ಕಿರಿಯವಳು ದೂರದಿಂದ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ಮಡಿಲಲ್ಲಿತ್ತು, ಎಲ್ಲರಿಗೂ ಕಾಣುವಂತೆಯೇ ನಡುಗುತ್ತಿತ್ತು. ಮುಚ್ಚಿಕೊಳ್ಳಲು ನೆನಪಾಗಲಿಲ್ಲ. ಮೀಸೆಯವನು ಅದನ್ನು ನೋಡಿದ. ನೋಡಿ, ಮುದುಕಿಯನ್ನು ಕೇಳುವುದೇನೆಂದು ಸೊಸೆಯ ಕಡೆ ತಿರುಗಿ, “ನೀನು ತೆಗಿಯಮ್ಮ,” ಎಂದ.

ಅವಳು ಮುಚ್ಚಳ ಹಾಕಿ, ಡ್ರಮ್ಮಿಗೆ ಬೆನ್ನು ಕೊಟ್ಟು ನಿಂತಳು.

“ಅತ್ತೆ ಇನ್ನೂ ಇಲ್ಲ ಅಂದ್ರು,” ಎಂದಳು. “ಸಾಲಲ್ಲಿ ನಿಂತ್ಕೊಳಿ.”

ಇಡೀ ಬಸ್ಸಿಗೆ ಹೇಳುವ ದನಿ ಅದು. ಮೀಸೆಯವನು ಸಾಲಿಗೆ ಹೋದ. ಎಲ್ಲರೂ ಕಾದರು. ನಾನು ಈಗ ಎಂದಾಗಲೇ ಮೊದಲ ಪಟ್ಟಿ ಇಳಿಯಿತು, ಆಮೇಲೆ ಹಿತ್ತಿಲಲ್ಲಿ ಮಾತು ನಿಂತು ಎಲುಬು ಚೀಪುವ ಸದ್ದು ಮಾತ್ರ ಉಳಿಯಿತು. ಮೀಸೆಯವನು ಮೂರು ಸಲ ಬಂದ.

ಹೊರಡುವ ಹೊತ್ತಿಗೆ ಬೀಗಿತ್ತಿ ನನ್ನ ಪಕ್ಕದಲ್ಲಿ ಕೂತು, ಬಹಳ ಸಲಿಗೆಯಿಂದ, ಮಸಾಲೆಗೆ ಏನೇನು ಹಾಕುತ್ತೀರಿ ಎಂದು ಕೇಳಿದಳು. ಮಗಳು ಇನ್ನು ಅವರ ಮನೆಯಲ್ಲಿರುವವಳು, ಇಲ್ಲ ಎನ್ನಲಾಗದು. ಹೇಳಿದೆ. ಸಾಸಿವೆ ಪುಡಿಯೊಂದನ್ನು ಬಿಟ್ಟು ಹೇಳಿದೆ. ಡ್ರೈವರಮ್ಮ ಎಲುಬಿನ ತಟ್ಟೆ ಒಟ್ಟುಮಾಡುತ್ತಾ ಹಿಂದೆಯೇ ನಿಂತಿದ್ದಳು. ಏನು ಬಿಟ್ಟೆನೆಂದು ಅವಳಿಗೆ ಗೊತ್ತು.

“ಏಲಕ್ಕಿ ಹೇಳೋದು ಮರ್ತ್ರಲ್ಲ ಅತ್ತೆ,” ಎಂದಳು.

ನಾನು ಜೀವಮಾನದಲ್ಲಿ ಹಂದಿಗೆ ಏಲಕ್ಕಿ ಹಾಕಿದವಳಲ್ಲ. “ಹೌದು, ಒಂದು ಹಿಡಿ,” ಎಂದೆ. ಬೀಗಿತ್ತಿ ಬಾಯಿಪಾಠ ಮಾಡಿಕೊಳ್ಳುತ್ತಾ ಹೋದಳು.

ಇಷ್ಟು ನೇರ ಮುಖವಿಟ್ಟುಕೊಂಡು ಸುಳ್ಳು ಹೇಳುವ ಹೆಂಗಸು ಮನೆಯಲ್ಲಿರುವಾಗ ಎಚ್ಚರವಾಗಿರಬೇಕು. ನಾಳೆ ಡಾಕ್ಟರ ಹತ್ತಿರ ಅವಳು ಪಕ್ಕದಲ್ಲೇ ಕೂತಿರಲಿ. ನನ್ನ ಕಣ್ಣ ಮುಂದೆಯೇ ಇರಲಿ.